ಕದನ ಒಂದು ತಿಂಗಳು, ಕಾಯ್ದೆ ಐದು ವರ್ಷ: ಭಾರತ ರಕ್ಷಣಾ ನಿಯಮಗಳು ನಡೆದು ಬಂದ ದಾರಿ

ಭಾರತ ಮತ್ತು ಚೀನಾ ನಡುವಣ ಯುದ್ಧ 1962ರ ಅಕ್ಟೋಬರ್ 20ರಂದು ಆರಂಭಗೊಂಡು, ನವೆಂಬರ್ 21ರಂದು ಕದನ ವಿರಾಮದೊಂದಿಗೆ ನಿಂತಿತು. ಆ ಯುದ್ಧದ ಸಲುವಾಗಿ ಅಕ್ಟೋಬರ್ 26ರಂದು ಘೋಷಿಸಲಾದ ತುರ್ತು ಪರಿಸ್ಥಿತಿ ಮಾತ್ರ ಕೊನೆಗೊಂಡದ್ದು 1968ರ ಜನವರಿ 10ರಂದು. ಘೋಷಣೆಯ ದಿನವೇ ಸುಗ್ರೀವಾಜ್ಞೆಯ ರೂಪದಲ್ಲಿ ಹೊರಬಿದ್ದ ಭಾರತ ರಕ್ಷಣಾ ಶಾಸನವು ಸಂಸತ್ತಿನ ಅಂಗೀಕಾರ ಪಡೆದು ಕಾಯ್ದೆಯಾದದ್ದು ಡಿಸೆಂಬರ್ 12ರಂದು. ಅಂದರೆ ಗಡಿಯಲ್ಲಿ ಗುಂಡಿನ ಸದ್ದು ನಿಂತು ಮೂರು ವಾರಗಳಾದ ಮೇಲೆ.

ಹೀಗೆ ಯುದ್ಧ ಮುಗಿದ ಮೇಲೆ ಹುಟ್ಟಿದ ಯುದ್ಧಕಾಲದ ಕಾಯ್ದೆಯೊಂದು ಐದು ವರ್ಷಕ್ಕೂ ಮಿಗಿಲಾಗಿ ಜಾರಿಯಲ್ಲಿತ್ತು. ಅದರ ಬಲೆಗೆ ಬಿದ್ದವರು ಯಾರೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪಟ್ಟಿಯಲ್ಲಿ ಕೇರಳದ ಸೀಮೆಎಣ್ಣೆ ಸಗಟು ವರ್ತಕರೊಬ್ಬರಿದ್ದಾರೆ, ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದವರಿದ್ದಾರೆ, ಲೋಕಸಭೆಯ ಸದಸ್ಯರಾಗಿದ್ದ ರಾಮಮನೋಹರ ಲೋಹಿಯಾ ಇದ್ದಾರೆ, ಊರೂರಿನ ಅಕ್ಕಸಾಲಿಗರಿದ್ದಾರೆ. ಚೀನೀ ಮೂಲದವರು ಎಂಬ ಒಂದೇ ಕಾರಣಕ್ಕೆ ಮನೆಮಠ ಕಳೆದುಕೊಂಡ ಕುಟುಂಬಗಳ ಕಥೆಯಂತೂ ಬಹುಕಾಲ ಹೊರಗೇ ಬರಲಿಲ್ಲ.

ಯುದ್ಧಕಾಲದಲ್ಲಿ ಸರ್ಕಾರಕ್ಕೆ ವಿಶೇಷ ಅಧಿಕಾರ ಬೇಕಾಗುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಸೇನೆಯ ಚಲನವಲನವನ್ನು ಗೋಪ್ಯವಾಗಿಡುವುದು, ನಗರಗಳಲ್ಲಿ ದೀಪ ಆರಿಸುವುದು, ಶತ್ರುವಿಗೆ ನೆರವಾಗುವವರನ್ನು ತಡೆಯುವುದು ಎಲ್ಲ ದೇಶಗಳಲ್ಲೂ ನಡೆದಿದೆ. ತೊಡಕು ಇರುವುದು ಒಮ್ಮೆ ಕೊಟ್ಟ ಅಧಿಕಾರವನ್ನು ಹಿಂಪಡೆಯುವಲ್ಲಿ. ಭಾರತದ ಮಟ್ಟಿಗೆ ಈ ತೊಡಕಿನ ಇತಿಹಾಸ ಒಂದು ಶತಮಾನದಷ್ಟು ಹಳೆಯದು.

ಬ್ರಿಟಿಷರ ಬಳುವಳಿ

ಮೊದಲನೆಯ ಭಾರತ ರಕ್ಷಣಾ ಕಾಯ್ದೆ ಬಂದದ್ದು 1915ರ ಮಾರ್ಚ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ. ಯುದ್ಧ ನಡೆಯುವಷ್ಟು ಕಾಲ ಮತ್ತು ಅನಂತರದ ಆರು ತಿಂಗಳು ಮಾತ್ರ ಅದರ ಆಯುಷ್ಯ ಎಂದು ಕಾಯ್ದೆಯಲ್ಲೇ ಬರೆಯಲಾಗಿತ್ತು. ಮೂವರು ಕಮಿಷನರುಗಳ ವಿಶೇಷ ನ್ಯಾಯಮಂಡಳಿ ವಿಚಾರಣೆ ನಡೆಸಿ ಮರಣದಂಡನೆ ವಿಧಿಸಬಹುದಾಗಿತ್ತು. ಅದರ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ಗದರ್ ಪಕ್ಷದ ಕರ್ತಾರ್ ಸಿಂಗ್ ಸರಾಭಾ ಮತ್ತು ಸಂಗಡಿಗರಿಗೆ ಗಲ್ಲು ಶಿಕ್ಷೆಯಾದದ್ದು ಇಂತಹ ಮಂಡಳಿಯ ತೀರ್ಪಿನಿಂದ. ಜರ್ಮನಿಯೊಂದಿಗಿನ ಯುದ್ಧಕ್ಕೂ ತಮ್ಮ ಚಟುವಟಿಕೆಗೂ ನೇರ ಸಂಬಂಧವೇ ಇಲ್ಲದ ಆನಿ ಬೆಸೆಂಟ್ ಅವರನ್ನು 1917ರ ಜೂನ್‌ನಲ್ಲಿ ಮದ್ರಾಸ್ ಸರ್ಕಾರ ಊಟಿಯಲ್ಲಿ ನಿರ್ಬಂಧದಲ್ಲಿಟ್ಟದ್ದೂ ಇದೇ ಕಾಯ್ದೆಯಡಿ. ಅವರು ಕೇಳಿದ್ದು ಸ್ವರಾಜ್ಯ.

1918ರ ನವೆಂಬರ್‌ನಲ್ಲಿ ಯುದ್ಧ ಮುಗಿಯಿತು. ಆರು ತಿಂಗಳ ಗಡುವು ಸಮೀಪಿಸುತ್ತಿದ್ದಂತೆ ಸರ್ಕಾರಕ್ಕೆ ಚಿಂತೆ ಹತ್ತಿತು. ನ್ಯಾಯಾಧೀಶ ಸಿಡ್ನಿ ರೌಲಟ್ ಸಮಿತಿಯ ಶಿಫಾರಸಿನಂತೆ 1919ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ತಂದು, ಯುದ್ಧಕಾಲದ ಅಧಿಕಾರಗಳನ್ನು ಶಾಂತಿಕಾಲಕ್ಕೂ ವಿಸ್ತರಿಸಲಾಯಿತು. ಅದರ ವಿರುದ್ಧ ಎದ್ದ ಪ್ರತಿಭಟನೆ, ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಎಲ್ಲರಿಗೂ ಗೊತ್ತಿರುವ ಸಂಗತಿ. ರೌಲಟ್ ಕಾಯ್ದೆ 1922ರಲ್ಲಿ ರದ್ದಾಯಿತು. ಆದರೆ ಯುದ್ಧದ ಶಾಸನವೊಂದು ಮುಗಿಯುವ ಹೊತ್ತಿಗೆ ಅದರದೇ ಮರಿಯೊಂದನ್ನು ಸಿದ್ಧಪಡಿಸಿಟ್ಟುಕೊಳ್ಳುವ ಪದ್ಧತಿ ಅಲ್ಲಿಂದ ಶುರುವಾಯಿತು ಎನ್ನಬಹುದು.

ಎರಡನೆಯ ಮಹಾಯುದ್ಧ ಆರಂಭವಾದಾಗ 1939ರಲ್ಲಿ ಎರಡನೆಯ ಭಾರತ ರಕ್ಷಣಾ ಕಾಯ್ದೆ ಬಂದಿತು. ಅದರ 26ನೇ ನಿಯಮದಡಿ ಸಾವಿರಾರು ಕಾಂಗ್ರೆಸ್ಸಿಗರು, ಸಮಾಜವಾದಿಗಳು, ಕಮ್ಯುನಿಸ್ಟರು ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ಕೇಶವ ತಳಪದೆ ಪ್ರಕರಣದಲ್ಲಿ 1943ರ ಏಪ್ರಿಲ್ 22ರಂದು ಸರ್ ಮಾರಿಸ್ ಗ್ವಯರ್ ನೇತೃತ್ವದ ಫೆಡರಲ್ ಕೋರ್ಟ್ ಈ 26ನೇ ನಿಯಮವೇ ಅಸಿಂಧು ಎಂದು ತೀರ್ಪಿತ್ತಿತು. ಸಕಾರಣವಾದ ಶಂಕೆ ಇರುವವರನ್ನು ಬಂಧಿಸಲು ಮೂಲ ಕಾಯ್ದೆ ಅನುಮತಿ ನೀಡಿದ್ದರೆ, ನಿಯಮವು ಸರ್ಕಾರಕ್ಕೆ ಮನವರಿಕೆಯಾದರೆ ಸಾಕು ಎಂದಿತ್ತು. ಬ್ರಿಟಿಷ್ ಆಡಳಿತದಲ್ಲಿ, ಮಹಾಯುದ್ಧದ ನಟ್ಟನಡುವೆ, ಬ್ರಿಟಿಷ್ ಮುಖ್ಯ ನ್ಯಾಯಮೂರ್ತಿಯೊಬ್ಬರು ನೀಡಿದ ತೀರ್ಪು ಇದೆಂಬುದು ಗಮನಾರ್ಹ. ಆದರೆ ಆರೇ ದಿನಗಳಲ್ಲಿ, ಏಪ್ರಿಲ್ 28ರಂದು, ಗವರ್ನರ್ ಜನರಲ್ ಸುಗ್ರೀವಾಜ್ಞೆ ಹೊರಡಿಸಿ ಕಾಯ್ದೆಯನ್ನೇ ಪೂರ್ವಾನ್ವಯವಾಗಿ ತಿದ್ದಿದರು. ಬಂಧಿತರು ಬಂಧನದಲ್ಲೇ ಉಳಿದರು.

ಈ ಕಾಲದ ಇನ್ನೂ ಎರಡು ಶಾಸನಗಳ ವಂಶ ಇಂದಿಗೂ ಮುಂದುವರಿದಿದೆ. ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಲು 1942ರ ಆಗಸ್ಟ್ 15ರಂದು ಹೊರಡಿಸಿದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಸುಗ್ರೀವಾಜ್ಞೆಯೇ 1958ರಲ್ಲಿ ಅಸ್ಸಾಂ ಮತ್ತು ಮಣಿಪುರಕ್ಕಾಗಿ ಬಂದ ಕಾಯ್ದೆಗೆ ಮಾದರಿಯಾಯಿತು. ಆಹಾರಧಾನ್ಯ, ಬಟ್ಟೆ ಇತ್ಯಾದಿಗಳ ಮೇಲಿನ ಯುದ್ಧಕಾಲದ ನಿಯಂತ್ರಣವು 1946ರಲ್ಲಿ ತಾತ್ಕಾಲಿಕ ಕಾಯ್ದೆಯಾಗಿ, 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಾಗಿ ನೆಲೆ ನಿಂತಿತು.

ಸಂವಿಧಾನ ತೆರೆದಿಟ್ಟ ಬಾಗಿಲು

ಸ್ವತಂತ್ರ ಭಾರತದ ಸಂವಿಧಾನವು ಮೂಲಭೂತ ಹಕ್ಕುಗಳನ್ನು ಕೊಟ್ಟಿತು. ಜೊತೆಗೆ ಅವುಗಳನ್ನು ಅಮಾನತಿನಲ್ಲಿಡುವ ದಾರಿಯನ್ನೂ ಇಟ್ಟಿತು. 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ, 358ನೇ ವಿಧಿಯ ಪ್ರಕಾರ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಮುಂತಾದವನ್ನು ಒಳಗೊಂಡ 19ನೇ ವಿಧಿ ತಾನಾಗಿಯೇ ಅಮಾನತುಗೊಳ್ಳುತ್ತದೆ. ಉಳಿದ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆ ಹೋಗುವುದನ್ನು 359ನೇ ವಿಧಿಯಡಿ ರಾಷ್ಟ್ರಪತಿಗಳು ಆದೇಶ ಹೊರಡಿಸಿ ತಡೆಯಬಹುದು. 1962ರ ನವೆಂಬರ್ 3ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಆದೇಶವು 21 ಮತ್ತು 22ನೇ ವಿಧಿಗಳ ಮಟ್ಟಿಗೆ ಈ ಬಾಗಿಲು ಮುಚ್ಚಿತು. ನವೆಂಬರ್ 11ರ ತಿದ್ದುಪಡಿಯಲ್ಲಿ ಸಮಾನತೆಯ 14ನೇ ವಿಧಿಯೂ ಸೇರಿತು.

ಭಾರತ ರಕ್ಷಣಾ ನಿಯಮಗಳ ಪೈಕಿ ಹೆಚ್ಚು ಬಳಕೆಯಾದದ್ದು 30ನೇ ನಿಯಮ. ದೇಶದ ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆ, ಅಗತ್ಯ ಸೇವೆಗಳ ಪೂರೈಕೆ ಮುಂತಾದವಕ್ಕೆ ಧಕ್ಕೆ ತರದಂತೆ ವ್ಯಕ್ತಿಯನ್ನು ತಡೆಯುವುದು ಅವಶ್ಯ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಆತನನ್ನು ಬಂಧಿಸಿಡಬಹುದಾಗಿತ್ತು. ಆಗ ದೇಶದಲ್ಲಿ 1950ರ ಪ್ರತಿಬಂಧಕ ಬಂಧನ ಕಾಯ್ದೆಯೂ ಜಾರಿಯಲ್ಲಿತ್ತು ಎಂಬುದನ್ನು ಮರೆಯಬಾರದು. ಅದರಡಿ ಬಂಧಿಸಿದರೆ ಕಾರಣಗಳನ್ನು ತಿಳಿಸಬೇಕು, ಪ್ರಕರಣವನ್ನು ಸಲಹಾ ಮಂಡಳಿಯ ಮುಂದಿಡಬೇಕು. 30ನೇ ನಿಯಮದಡಿ ಈ ರಗಳೆ ಇರಲಿಲ್ಲ. ಬಂಧಿತನಿಗೆ ಕಾರಣ ತಿಳಿಸಬೇಕಾಗಿರಲಿಲ್ಲ. ಆದೇಶದ ಮರುಪರಿಶೀಲನೆಯೂ ಸರ್ಕಾರದ ಕೈಯಲ್ಲೇ ಇತ್ತು. ಎರಡು ಕಾಯ್ದೆಗಳು ಕೈಗೆಟಕುವಂತಿರುವಾಗ ಅಧಿಕಾರಿಗಳು ಯಾವುದನ್ನು ಎತ್ತಿಕೊಂಡರು ಎಂದು ಹೇಳಬೇಕಾಗಿಲ್ಲ.

ದೇವಳಿಯ ಶಿಬಿರ, ಅಕ್ಕಸಾಲಿಗರ ಕುಲುಮೆ

ಮೊದಲ ಏಟು ಬಿದ್ದದ್ದು ಚೀನೀ ಮೂಲದ ಭಾರತೀಯರಿಗೆ. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಮೊದಲಾದ ಕಡೆ ತಲೆಮಾರುಗಳಿಂದ ನೆಲೆಸಿದ್ದ ಸುಮಾರು 3,000 ಮಂದಿಯನ್ನು 1962ರ ನವೆಂಬರ್‌ನಿಂದ ಆರಂಭಿಸಿ ಬಂಧಿಸಿ, ರೈಲಿನಲ್ಲಿ ದೇಶದ ಇನ್ನೊಂದು ಅಂಚಿಗೆ, ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಲಾಯಿತು. ಇದಕ್ಕಾಗಿ ವಿದೇಶಿಯರ ಕಾನೂನನ್ನೇ ತಿದ್ದಲಾಗಿತ್ತು. ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು ಶತ್ರು ರಾಷ್ಟ್ರದ ಪ್ರಜೆಯಾಗಿದ್ದರೂ ಮೊಮ್ಮಗನನ್ನು ನಿರ್ಬಂಧಿಸಲು ಹೊಸ ಕಾನೂನು ಎಡೆಮಾಡಿಕೊಟ್ಟಿತು. ಹಸುಗೂಸುಗಳೂ ವೃದ್ಧರೂ ಶಿಬಿರದಲ್ಲಿದ್ದರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಚೀನಾ 1963ರಲ್ಲಿ ಹಡಗು ಕಳುಹಿಸಿ ಕರೆಸಿಕೊಂಡಿತು. ಅವರಲ್ಲಿ ಬಹುಮಂದಿ ಆ ದೇಶವನ್ನು ಅದುವರೆಗೆ ಕಂಡವರೇ ಅಲ್ಲ. ಉಳಿದವರ ಬಿಡುಗಡೆ 1967ರವರೆಗೂ ಹಂತಹಂತವಾಗಿ ನಡೆಯಿತು. ಊರಿಗೆ ಮರಳಿದ ಅನೇಕರಿಗೆ ತಮ್ಮ ಮನೆ, ಅಂಗಡಿಗಳು ಹರಾಜಾಗಿ ಬೇರೆಯವರ ಪಾಲಾಗಿದ್ದುದು ಕಂಡಿತು. ಕೆನಡಾಕ್ಕೆ ವಲಸೆ ಹೋದ ಮಾಜಿ ಬಂಧಿತರು ಕ್ಷಮೆ ಕೋರುವಂತೆ ಕೇಳುತ್ತಲೇ ಬಂದಿದ್ದಾರೆ. ಭಾರತ ಸರ್ಕಾರ ಅಧಿಕೃತವಾಗಿ ಕ್ಷಮೆ ಕೋರಿಲ್ಲ.

ದೇವಳಿಗೆ ಇದು ಮೊದಲ ಅನುಭವವಲ್ಲ. 1939ರ ಕಾಯ್ದೆಯಡಿ ಬಂಧಿತರಾದ ಜಯಪ್ರಕಾಶ ನಾರಾಯಣ್ ಮತ್ತು ಕಮ್ಯುನಿಸ್ಟ್ ನಾಯಕರನ್ನು ಬ್ರಿಟಿಷರು ಇಟ್ಟಿದ್ದುದೂ ಇದೇ ಶಿಬಿರದಲ್ಲಿ. 1941ರಲ್ಲಿ ಅವರು ಅಲ್ಲಿ ಉಪವಾಸ ಮುಷ್ಕರ ಹೂಡಿದ್ದರು. ಅದೇ ಜೆಪಿ ಸ್ವತಂತ್ರ ಭಾರತದಲ್ಲಿ ಇನ್ನೊಂದು ಭದ್ರತಾ ಕಾಯ್ದೆಯಡಿ ಬಂಧಿತರಾದ ಕಥೆ ಮುಂದೆ ಬರುತ್ತದೆ.

ಎರಡನೆಯ ಏಟು ಕಮ್ಯುನಿಸ್ಟರಿಗೆ. 1964ರಲ್ಲಿ ಪಕ್ಷ ಒಡೆದ ಬಳಿಕ, ಡಿಸೆಂಬರ್ ಕೊನೆಯಲ್ಲಿ ಸಿಪಿಎಂ ನಾಯಕರನ್ನು ಹಲವು ರಾಜ್ಯಗಳಲ್ಲಿ ಒಮ್ಮೆಲೇ ಬಂಧಿಸಲಾಯಿತು. ಚೀನಾದೊಂದಿಗೆ ಯುದ್ಧ ನಿಂತು ಆಗಲೇ ಎರಡು ವರ್ಷವಾಗಿತ್ತು. 1965ರ ಮಾರ್ಚ್‌ನ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಸಿಪಿಎಂ ಅಭ್ಯರ್ಥಿಗಳಲ್ಲಿ ಅನೇಕರು ಸೆರೆಮನೆಯಿಂದಲೇ ಗೆದ್ದವರು. ಮದ್ರಾಸ್ ಸರ್ಕಾರದ ಬಂಧನದಲ್ಲಿದ್ದ ಲೋಕಸಭಾ ಸದಸ್ಯ ಆನಂದನ್ ನಂಬಿಯಾರ್, ಅಧಿವೇಶನಕ್ಕೆ ಹೋಗುವ ಹಕ್ಕು ತಮಗಿದೆ ಎಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಪ್ರತಿಬಂಧಕ ಬಂಧನದಲ್ಲಿರುವ ಸಂಸದನಿಗೆ ಅಂತಹ ವಿಶೇಷ ಹಕ್ಕಿಲ್ಲ ಎಂದು ನ್ಯಾಯಾಲಯ 1965ರಲ್ಲಿ ಹೇಳಿತು.

ಮೂರನೆಯದು ತೀರಾ ಬೇರೆ ಬಗೆಯದು. ಕರ್ನಾಟಕದ ಹಳೆಯ ತಲೆಮಾರಿನವರಿಗೆ ಯುದ್ಧಕಾಲದ ನಿಯಮವೆಂದರೆ ನೆನಪಾಗುವುದು ಬಹುಶಃ ಇದೇ. 1963ರ ಜನವರಿಯಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಹೊಸ ಭಾಗವೊಂದನ್ನು ಸೇರಿಸಿ ಚಿನ್ನ ನಿಯಂತ್ರಣ ಜಾರಿಗೆ ತರಲಾಯಿತು. ಹಣಕಾಸು ಸಚಿವರಾಗಿದ್ದ ಮೊರಾರ್ಜಿ ದೇಸಾಯಿ ಅವರ ಈ ಕ್ರಮದ ಪ್ರಕಾರ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ಮಾಡುವಂತಿಲ್ಲ. ಚಿನ್ನದ ಕಳ್ಳಸಾಗಣೆ ತಡೆದು ವಿದೇಶಿ ವಿನಿಮಯ ಉಳಿಸುವುದು ಉದ್ದೇಶ. ಮದುವೆಯ ತಾಳಿ, ಬಳೆಗಳನ್ನು 22 ಕ್ಯಾರೆಟ್‌ನಲ್ಲಿ ಮಾಡಿಸಿಯೇ ರೂಢಿಯಿದ್ದ ಸಮಾಜದಲ್ಲಿ 14 ಕ್ಯಾರೆಟ್ ಒಡವೆಯನ್ನು ಕೇಳುವವರು ಯಾರು? ಕುಲುಮೆಯ ಮುಂದೆ ಕುಳಿತು ತಲೆಮಾರುಗಳಿಂದ ಬದುಕಿದ್ದ ಅಕ್ಕಸಾಲಿಗ ಕುಟುಂಬಗಳು ದೇಶದೆಲ್ಲೆಡೆ ದಿಢೀರನೆ ಕೆಲಸ ಕಳೆದುಕೊಂಡವು. ಅಕ್ಕಸಾಲಿಗರ ಆತ್ಮಹತ್ಯೆಗಳ ವಿಚಾರ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು. ಒತ್ತಡಕ್ಕೆ ಮಣಿದು ನಿಯಮಗಳನ್ನು ಸಡಿಲಿಸುತ್ತ ಬಂದ ಸರ್ಕಾರ 1966ರಲ್ಲಿ 14 ಕ್ಯಾರೆಟ್ ಮಿತಿಯನ್ನು ಕೈಬಿಟ್ಟಿತು. ಆ ಹೊತ್ತಿಗೆ ಅನೇಕರು ಕಸುಬು ಬಿಟ್ಟಾಗಿತ್ತು. ವಾಣಿಜ್ಯ ನೀತಿಯೊಂದನ್ನು ದೇಶರಕ್ಷಣೆಯ ಹೆಸರಿನಲ್ಲಿ ತಂದದ್ದರಿಂದ, ಕಸುಬಿನ ಹಕ್ಕಿಗಾಗಿ 19ನೇ ವಿಧಿಯನ್ನು ಹಿಡಿದು ಕೋರ್ಟಿಗೆ ಹೋಗುವ ದಾರಿಯೂ ಅವರ ಪಾಲಿಗೆ ಮುಚ್ಚಿತ್ತು.

ನ್ಯಾಯಾಲಯದ ಕಿರುಬಾಗಿಲು

ರಾಷ್ಟ್ರಪತಿಗಳ ಆದೇಶ ಇರುವಾಗ ಬಂಧಿತ ವ್ಯಕ್ತಿ ಕೋರ್ಟಿಗೆ ಹೋಗಬಹುದೇ? 1963ರ ಸೆಪ್ಟೆಂಬರ್‌ನಲ್ಲಿ ಮಖನ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರಿಸಿತು. ಮೂಲಭೂತ ಹಕ್ಕಿನ ಆಧಾರದ ಮೇಲೆ ಹೋಗುವಂತಿಲ್ಲ ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಆದರೆ ಬಹುಮತದ ತೀರ್ಪೇ ಒಂದು ಕಿರುಬಾಗಿಲನ್ನು ತೆರೆದಿಟ್ಟಿತು. ಬಂಧನದ ಆದೇಶ ದುರುದ್ದೇಶದ್ದಾಗಿದ್ದರೆ, ಇಲ್ಲವೇ ಆ ಕಾಯ್ದೆಯ ಷರತ್ತುಗಳನ್ನೇ ಪಾಲಿಸದಿದ್ದರೆ, ಪ್ರಶ್ನಿಸಬಹುದು. ಸರ್ಕಾರ ತಾನೇ ಮಾಡಿಕೊಂಡ ನಿಯಮಕ್ಕಾದರೂ ಬದ್ಧವಾಗಿರಬೇಕೆಂಬ ಈ ಸಣ್ಣ ತತ್ವವೇ ಮುಂದಿನ ವರ್ಷಗಳಲ್ಲಿ ಹಲವರ ಪಾಲಿಗೆ ಊರುಗೋಲಾಯಿತು.

1965ರ ಸೆಪ್ಟೆಂಬರ್ 6 ಮತ್ತು 7ನೇ ತಾರೀಖುಗಳು ಈ ದೃಷ್ಟಿಯಿಂದ ವಿಶೇಷವಾದವು. 6ರಂದು ಭಾರತದ ಸೇನೆ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರ್‌ನತ್ತ ಮುನ್ನುಗ್ಗಿತು. ಅದೇ ದಿನ ಸುಪ್ರೀಂ ಕೋರ್ಟ್ ಸಂಜ್‌ಗಿರಿ ಪ್ರಕರಣದ ತೀರ್ಪು ನೀಡಿತು. ಮುಂಬೈ ಜೈಲಿನಲ್ಲಿ 30ನೇ ನಿಯಮದಡಿ ಇದ್ದ ಬಂಧಿಯೊಬ್ಬರು ಮರಾಠಿಯಲ್ಲಿ ಪರಮಾಣುವಿನ ಒಳರಚನೆಯ ಬಗ್ಗೆ ವಿಜ್ಞಾನ ಪುಸ್ತಕ ಬರೆದಿದ್ದರು. ಹಸ್ತಪ್ರತಿಯನ್ನು ಪ್ರಕಟಣೆಗಾಗಿ ಪತ್ನಿಗೆ ಕಳುಹಿಸಲು ಮಹಾರಾಷ್ಟ್ರ ಸರ್ಕಾರ ಅನುಮತಿ ನಿರಾಕರಿಸಿತ್ತು. ಬಂಧಿತನಿಗೆ ಸರ್ಕಾರ ಕೊಟ್ಟ ಸವಲತ್ತುಗಳಷ್ಟೇ ಇರುತ್ತವೆ, ಪುಸ್ತಕ ಪ್ರಕಟಿಸುವ ಸವಲತ್ತು ಅದರಲ್ಲಿಲ್ಲ ಎಂಬುದು ಸರ್ಕಾರದ ವಾದ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಬಂಧನದ ಷರತ್ತುಗಳು ಸ್ಪಷ್ಟವಾಗಿ ನಿಷೇಧಿಸಿರದ ಸ್ವಾತಂತ್ರ್ಯ ಬಂಧಿತನಲ್ಲೇ ಉಳಿದಿರುತ್ತದೆ ಎಂದು ಪೀಠ ಹೇಳಿತು. ಹಸ್ತಪ್ರತಿಯನ್ನು ಹೊರಕಳುಹಿಸುವಂತೆ ಹೈಕೋರ್ಟ್ ಕೊಟ್ಟಿದ್ದ ಆದೇಶ ಎತ್ತಿಹಿಡಿಯಲ್ಪಟ್ಟಿತು.

ಮರುದಿನ, 7ರಂದು, ಲೋಹಿಯಾ ಪ್ರಕರಣದ ತೀರ್ಪು. ಆಗಸ್ಟ್‌ನಲ್ಲಿ ಪಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟ್ ಹೊರಡಿಸಿದ್ದ ಬಂಧನದ ಆದೇಶದಲ್ಲಿ ‘ಕಾನೂನು ಮತ್ತು ಸುವ್ಯವಸ್ಥೆ’ ಎಂಬ ಮಾತಿತ್ತು. ನಿಯಮದಲ್ಲಿದ್ದ ಪದ ‘ಸಾರ್ವಜನಿಕ ಸುವ್ಯವಸ್ಥೆ’. ಮೇಲುನೋಟಕ್ಕೆ ಇದು ಪದಗಳ ಜಗಳ. ಆದರೆ ನ್ಯಾಯಮೂರ್ತಿ ಹಿದಾಯತುಲ್ಲಾ ಇದರಿಂದ ಒಂದು ದೊಡ್ಡ ತತ್ವವನ್ನೇ ಹೊರತೆಗೆದರು. ಒಂದರೊಳಗೊಂದು ಮೂರು ವೃತ್ತಗಳನ್ನು ಊಹಿಸಿಕೊಳ್ಳಬೇಕು. ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಸುವ್ಯವಸ್ಥೆ. ಅದರೊಳಗಿನದು ಸಾರ್ವಜನಿಕ ಸುವ್ಯವಸ್ಥೆ. ಎಲ್ಲಕ್ಕಿಂತ ಒಳಗಿನ ಸಣ್ಣ ವೃತ್ತ ರಾಷ್ಟ್ರದ ಭದ್ರತೆ. ಬೀದಿಯ ಹೊಡೆದಾಟವೆಲ್ಲ ಸಾರ್ವಜನಿಕ ಸುವ್ಯವಸ್ಥೆಯ ಪ್ರಶ್ನೆಯಾಗದು. ಸಾರ್ವಜನಿಕ ಸುವ್ಯವಸ್ಥೆಯ ಪ್ರಶ್ನೆಯೆಲ್ಲ ರಾಷ್ಟ್ರದ ಭದ್ರತೆಯದಾಗದು. ಪೀಠದ ಬಹುಮತ ಬಂಧನವನ್ನು ರದ್ದುಗೊಳಿಸಿತು. ಗಡಿಯಲ್ಲಿ ಟ್ಯಾಂಕುಗಳು ಕಾದಾಡುತ್ತಿರುವಾಗಲೇ ವಿರೋಧ ಪಕ್ಷದ ಪ್ರಖರ ಟೀಕಾಕಾರರೊಬ್ಬರು ಕೋರ್ಟಿನ ಆದೇಶದ ಮೇರೆಗೆ ಹೊರಬಂದರು. ಅದರಿಂದ ಯುದ್ಧಕ್ಕೇನೂ ತೊಂದರೆಯಾಗಲಿಲ್ಲ. ಈ ಮೂರು ವೃತ್ತಗಳ ಮಾತು ಇಂದಿಗೂ ಬಂಧನ ಪ್ರಕರಣಗಳಲ್ಲಿ ವಕೀಲರು ಮೊದಲು ಎತ್ತುವ ಮಾತು.

ಸೀಮೆಎಣ್ಣೆಯ ಪ್ರಕರಣ ನ್ಯಾಯಾಲಯದ ತಾಳ್ಮೆಯನ್ನೇ ಪರೀಕ್ಷಿಸಿತೆನ್ನಬಹುದು. ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದ ಕೇರಳದಲ್ಲಿ 1965ರ ಅಕ್ಟೋಬರ್‌ನಲ್ಲಿ ಸೀಮೆಎಣ್ಣೆಯ ಸಗಟು ವರ್ತಕ ಸದಾನಂದನ್ ಅವರನ್ನು ಅಗತ್ಯ ಪೂರೈಕೆಗೆ ಧಕ್ಕೆಯ ಹೆಸರಿನಲ್ಲಿ ಬಂಧಿಸಲಾಯಿತು. ಸಗಟು ವ್ಯಾಪಾರ ತನ್ನ ಸಂಬಂಧಿಕರ ಕೈಗೆ ಹೋಗಲೆಂದು ಪೊಲೀಸ್ ಅಧಿಕಾರಿಯೊಬ್ಬರು ಸುಳ್ಳು ವರದಿ ಕೊಟ್ಟಿದ್ದಾರೆ ಎಂದು ಅವರು ಆರೋಪಿಸಿದರು. ಆ ಅಧಿಕಾರಿ ಪ್ರಮಾಣಪತ್ರ ಸಲ್ಲಿಸಿ ಅದನ್ನು ಅಲ್ಲಗಳೆಯಲೇ ಇಲ್ಲ. 1966ರ ಫೆಬ್ರುವರಿಯಲ್ಲಿ ಬಿಡುಗಡೆಗೆ ಆದೇಶಿಸಿದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಇಂತಹ ಅಸಾಧಾರಣ ಅಧಿಕಾರವನ್ನು ಬಹುಕಾಲ ಚಲಾಯಿಸುತ್ತ ಹೋದರೆ ಅಧಿಕಾರಿಗಳ ಮನಸ್ಸು ಜಡ್ಡುಗಟ್ಟುವ ಅಪಾಯದ ಬಗ್ಗೆ ಎಚ್ಚರಿಸಿದರು. ಮಖನ್ ಸಿಂಗ್ ಪ್ರಕರಣದಲ್ಲಿ ಸರ್ಕಾರದ ಪರ ನಿಂತ ನ್ಯಾಯಮೂರ್ತಿಯೂ ಅವರೇ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಕಾಯ್ದೆಯ ಮರಿಗಳು

ತುರ್ತು ಪರಿಸ್ಥಿತಿ ಹಿಂತೆಗೆದ ಆರು ತಿಂಗಳಲ್ಲಿ, ಅಂದರೆ 1968ರ ಜುಲೈನಲ್ಲಿ, ಭಾರತ ರಕ್ಷಣಾ ಕಾಯ್ದೆ ತಾನಾಗಿ ಕೊನೆಗೊಳ್ಳಬೇಕಿತ್ತು. ಆ ಅವಧಿಯ ಶಾಸನಗಳನ್ನು ಸಾಲಾಗಿಟ್ಟು ನೋಡಿದರೆ 1919ರ ನೆನಪಾಗುತ್ತದೆ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಬಂದದ್ದು 1967ರ ಡಿಸೆಂಬರ್ 30ರಂದು. ಸರಿಯಾಗಿ ಹನ್ನೊಂದು ದಿನಗಳ ಬಳಿಕ ತುರ್ತು ಪರಿಸ್ಥಿತಿ ಹಿಂದಕ್ಕೆ. ನಾಗರಿಕ ರಕ್ಷಣಾ ಕಾಯ್ದೆ 1968ರ ಮೇ ತಿಂಗಳಿನದು. ಶತ್ರು ಆಸ್ತಿ ಕಾಯ್ದೆ ಆಗಸ್ಟ್‌ನದು, ಚಿನ್ನ ನಿಯಂತ್ರಣ ಕಾಯ್ದೆ ಸೆಪ್ಟೆಂಬರ್‌ನದು. ಇವುಗಳಲ್ಲಿ ಚಿನ್ನದ ಕಾಯ್ದೆ 1990ರಲ್ಲಿ ರದ್ದಾಯಿತು. ಉಳಿದ ಮೂರೂ ಜೀವಂತವಾಗಿವೆ. ಶತ್ರು ಆಸ್ತಿ ಪಾಲಕರ ಕೈಯಲ್ಲಿ ಈಗಲೂ 12 ಸಾವಿರಕ್ಕೂ ಹೆಚ್ಚು ಆಸ್ತಿಗಳಿವೆ. 2017ರ ತಿದ್ದುಪಡಿಯು ಭಾರತೀಯ ಪ್ರಜೆಗಳಾದ ವಾರಸುದಾರರ ಹಕ್ಕನ್ನೂ ಪೂರ್ವಾನ್ವಯವಾಗಿ ಅಳಿಸಿಹಾಕಿತು. ಯುಎಪಿಎ 2004, 2008, 2012 ಮತ್ತು 2019ರ ತಿದ್ದುಪಡಿಗಳಿಂದ ಹಿಂದಿಗಿಂತ ಬಲಿಷ್ಠವಾಗಿದೆ.

ಬ್ರಿಟನ್‌ನ ನಡೆ ಇದಕ್ಕೆ ಹೋಲಿಸತಕ್ಕದ್ದು. ವಿಚಾರಣೆಯಿಲ್ಲದೆ ಬಂಧಿಸಲು ಅಲ್ಲಿ 18ಬಿ ಎಂಬ ಯುದ್ಧಕಾಲದ ನಿಯಮವಿತ್ತು. 1941ರ ಲಿವರ್‌ಸಿಜ್ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಸರ್ಕಾರದ ಪರವೇ ನಿಂತಿತು; ಲಾರ್ಡ್ ಅಟ್ಕಿನ್ ಒಬ್ಬರೇ ಭಿನ್ನಮತ ಬರೆದರು. ಆದರೆ ಯುರೋಪಿನಲ್ಲಿ ಯುದ್ಧ ಮುಗಿದ 1945ರ ಮೇ ತಿಂಗಳಲ್ಲೇ ಆ ನಿಯಮವೂ ಹೋಯಿತು.

ಬೆಂಗಳೂರಿನ ಸೆರೆಮನೆಯವರೆಗೆ

1971ರಲ್ಲಿ ಇದೆಲ್ಲ ಮತ್ತೊಮ್ಮೆ ಮರುಕಳಿಸಿತು. ಡಿಸೆಂಬರ್ 3ರಂದು ಪಾಕಿಸ್ತಾನದೊಂದಿಗೆ ಯುದ್ಧ, ಅಂದೇ ತುರ್ತು ಪರಿಸ್ಥಿತಿ, ಮರುದಿನ ಹೊಸ ಭಾರತ ರಕ್ಷಣಾ ಕಾಯ್ದೆ. ಯುದ್ಧ 16ರಂದು ಮುಗಿಯಿತು. ತುರ್ತು ಪರಿಸ್ಥಿತಿ ಮುಗಿದದ್ದು 1977ರ ಮಾರ್ಚ್ 27ರಂದು. ಆ ವರ್ಷದ ಜುಲೈನಲ್ಲೇ ಬಂದಿದ್ದ, ಮೀಸಾ ಎಂದೇ ಹೆಸರಾದ ಆಂತರಿಕ ಭದ್ರತಾ ಕಾಯ್ದೆಗೆ ಯುದ್ಧದ ನೆಪದಲ್ಲಿ 17ಎ ಕಲಂ ಸೇರಿತು. ಅದನ್ನು 1973ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಪಾಕಿಸ್ತಾನದ ವಿರುದ್ಧ ಘೋಷಿಸಿದ ತುರ್ತು ಪರಿಸ್ಥಿತಿಯನ್ನೇ ಬಳಸಿಕೊಂಡು 1974ರ ನವೆಂಬರ್‌ನಲ್ಲಿ ಕಳ್ಳಸಾಗಣೆದಾರರು ಕೋರ್ಟಿಗೆ ಹೋಗದಂತೆ ಆದೇಶ ಹೊರಡಿಸಲಾಯಿತು. ಕಳ್ಳಸಾಗಣೆದಾರರ ಪರ ಮರುಗುವವರು ಕಡಿಮೆ. ಹಾಗಾಗಿ ದೊಡ್ಡ ಸದ್ದೇನೂ ಏಳಲಿಲ್ಲ. ಏಳು ತಿಂಗಳ ನಂತರ ಅದೇ ಅಸ್ತ್ರ ಜಯಪ್ರಕಾಶ ನಾರಾಯಣ್ ಅವರತ್ತ ತಿರುಗಿತು.

1975ರ ಜೂನ್ 25ರ ರಾತ್ರಿ ಆಂತರಿಕ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಹಳೆಯ ಬಾಹ್ಯ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲೇ ಇತ್ತು ಎಂಬುದು ಅನೇಕರಿಗೆ ತಿಳಿಯದು. ಮೀಸಾ, ಭಾರತ ರಕ್ಷಣಾ ಕಾಯ್ದೆ ಎರಡೂ ಸಿದ್ಧವಾಗಿ ಕೈಯಲ್ಲಿದ್ದವು. ಎರಡನೆಯದರ ಹೆಸರಿಗೆ ‘ಆಂತರಿಕ ಭದ್ರತೆ’ ಎಂಬ ಪದವನ್ನು ಸೇರಿಸಿದ್ದಷ್ಟೇ ಹೊಸತು. ಪಕ್ಷಾಂತರ ನಿಷೇಧ ಮಸೂದೆಯ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ್ ಮಿಶ್ರಾ 26ರಂದು ಬಂಧಿತರಾದರು. ಅವರನ್ನಿಟ್ಟಿದ್ದ ಕೇಂದ್ರ ಕಾರಾಗೃಹದ ಆವರಣವೇ ಇಂದಿನ ಫ್ರೀಡಂ ಪಾರ್ಕ್. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಿನಿಂದ ಅಲ್ಲೇ ಇದ್ದರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡಲಾಯಿತು. 20ರಂದು ಅವರು ತೀರಿಕೊಂಡರು. ಷಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಮೀಸಾದಡಿ 34,988 ಹಾಗೂ ರಕ್ಷಣಾ ನಿಯಮಗಳಡಿ 75,818 ಮಂದಿ ಬಂಧಿತರಾಗಿದ್ದರು. ಕರ್ನಾಟಕದ ಪಾಲು ಕ್ರಮವಾಗಿ 487 ಮತ್ತು 4,015.

ಬಂಧಿತರ ಅರ್ಜಿಗಳನ್ನು ವಿಚಾರಣೆ ಮಾಡಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದವು. ಇಲ್ಲಿ ಅರ್ಜಿ ಆಲಿಸಿದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ, ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಗುವಾಹಟಿಗೂ 1976ರಲ್ಲಿ ವರ್ಗವಾದರು. ಅದೇ ವರ್ಷದ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಆ ಒಂಬತ್ತೂ ತೀರ್ಪುಗಳನ್ನು ತಳ್ಳಿಹಾಕಿತು. ಮಖನ್ ಸಿಂಗ್ ತೀರ್ಪು ಉಳಿಸಿದ್ದ ಕಿರುಬಾಗಿಲೂ ಮುಚ್ಚಿತು. ಆದೇಶ ದುರುದ್ದೇಶದ್ದೆಂದು ಸಾಬೀತುಪಡಿಸಲೂ ಬಂಧಿತ ಕೋರ್ಟಿಗೆ ಬರುವಂತಿಲ್ಲ. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಮರುವರ್ಷ ಅವರ ಹಿರಿತನ ಕಡೆಗಣಿಸಿ ನ್ಯಾಯಮೂರ್ತಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು.

ಆ ತೀರ್ಪು ವಿಧಿವತ್ತಾಗಿ ರದ್ದಾಗಲು 41 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಖಾಸಗಿತನದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಅಳಿಸಿಹಾಕಿತು. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಪುತ್ರ ಡಿ.ವೈ. ಚಂದ್ರಚೂಡ್ ಅವರೇ ತಂದೆಯ ತೀರ್ಪು ತಪ್ಪೆಂದು ಬರೆದರು.

ತಿದ್ದಿದ್ದು, ತಿದ್ದದೆ ಬಿಟ್ಟದ್ದು

ಜನತಾ ಸರ್ಕಾರ ಮೀಸಾವನ್ನು ರದ್ದುಪಡಿಸಿತು. 1978ರ 44ನೇ ತಿದ್ದುಪಡಿ ಸಂವಿಧಾನಕ್ಕೆ ಕೆಲವು ಗಟ್ಟಿ ಬೇಲಿಗಳನ್ನು ಹಾಕಿತು. ಸಂಪುಟದ ಲಿಖಿತ ಸಲಹೆಯಿಲ್ಲದೆ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತ ಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಬೇಕು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದದ ಬದಲು ‘ಸಶಸ್ತ್ರ ಬಂಡಾಯ’ ಬಂದಿತು. ಜೀವಿಸುವ ಹಕ್ಕಿನ 21ನೇ ವಿಧಿಯನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡಲಾಗದು. ಈ ತಿದ್ದುಪಡಿ 1962ರಲ್ಲಿ ಇದ್ದಿದ್ದರೆ ಒಂದು ತಿಂಗಳ ಯುದ್ಧದ ಹೆಸರಿನಲ್ಲಿ ಐದು ವರ್ಷ ತಳ್ಳುವುದು ಸುಲಭವಾಗುತ್ತಿರಲಿಲ್ಲ.

1977ರ ಬಳಿಕ ದೇಶದಲ್ಲಿ 352ನೇ ವಿಧಿಯನ್ನು ಬಳಸಿಲ್ಲ. 1999ರ ಕಾರ್ಗಿಲ್ ಯುದ್ಧವೂ 2025ರ ಮೇ ತಿಂಗಳ ಆಪರೇಷನ್ ಸಿಂಧೂರವೂ ತುರ್ತು ಪರಿಸ್ಥಿತಿಯಿಲ್ಲದೆಯೇ ನಡೆದವು. ಇದು ಸಮಾಧಾನದ ಸಂಗತಿ ಹೌದು. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಹಿಂದೆ ಯುದ್ಧ ಘೋಷಿಸಿ ಪಡೆಯಬೇಕಾಗಿದ್ದ ಅಧಿಕಾರಗಳಲ್ಲಿ ಹಲವು ಈಗ ಮಾಮೂಲು ಕಾಯ್ದೆಗಳಲ್ಲೇ ಇವೆ. 2025ರ ಮೇ 7ರಂದು ಬೆಂಗಳೂರು ಸೇರಿದಂತೆ ದೇಶದ ಹಲವೆಡೆ ನಡೆದ ಅಣಕು ಕವಾಯತಿಗೆ ಆಧಾರ 1968ರ ನಾಗರಿಕ ರಕ್ಷಣಾ ವ್ಯವಸ್ಥೆ. ಅದೇ ವಾರ 8,000ಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಹಿಡಿಯಲು ಸರ್ಕಾರದಿಂದ ಆದೇಶ ಬಂದಿರುವುದಾಗಿ ಎಕ್ಸ್ ಸಂಸ್ಥೆ ಪ್ರಕಟಿಸಿತು. ವಿಚಾರಣೆಯಿಲ್ಲದ ಬಂಧನಕ್ಕೆ 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಇದೆ. ಯುಎಪಿಎ ಅಡಿ ಆರೋಪಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಸಿಗದು.

44ನೇ ತಿದ್ದುಪಡಿಯಲ್ಲಿ ಇನ್ನೊಂದು ಕಲಂ ಇದೆ, ಮೂರನೆಯದು. ಪ್ರತಿಬಂಧಕ ಬಂಧನದಲ್ಲಿರುವವರನ್ನು ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಇಟ್ಟುಕೊಳ್ಳುವ ಅವಧಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸಿ, ಮಂಡಳಿಯ ಅಧ್ಯಕ್ಷತೆಯನ್ನು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಗೆ ವಹಿಸುವ ಕಲಂ ಅದು. ಸಂಸತ್ತು ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಜಾರಿಯ ದಿನಾಂಕ ನಿಗದಿಪಡಿಸಿ ಅಧಿಸೂಚನೆ ಹೊರಡಿಸುವ ಕೆಲಸ ಕೇಂದ್ರ ಸರ್ಕಾರಕ್ಕೆ ಬಿಟ್ಟದ್ದು. ಹಾಗೆ ಮಾಡುವಂತೆ ಸರ್ಕಾರಕ್ಕೆ ಆದೇಶಿಸಲಾಗದು ಎಂದು 1981ರ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಎಲ್ಲ ಪಕ್ಷಗಳ ಸರ್ಕಾರಗಳೂ ದೆಹಲಿಯಲ್ಲಿ ಬಂದು ಹೋಗಿವೆ. ಆ ಅಧಿಸೂಚನೆ ಇನ್ನೂ ಹೊರಬಿದ್ದಿಲ್ಲ.